ಶ್ರೀರಂಗಪಟ್ಟಣದಲ್ಲಿ ಒಂದು ದಿನ: ಯಾವ ಕಟ್ಟಡ ಉಳಿಯಿತು, ಯಾರು ಉಳಿಸಿದರು?

ಶ್ರೀರಂಗಪಟ್ಟಣ ಟೀವಿಯಲ್ಲಿ ಕಾಣಿಸಿಕೊಳ್ಳೋದು ಹೆಚ್ಚೂಕಡಿಮೆ ಮೂರೇ ಸಂದರ್ಭಗಳಲ್ಲಿ. ಕಾವೇರಿ ತುಂಬಿ ಸೇತುವೆ ಮುಟ್ಟಿದಾಗ, ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ಜಗಳ ಎದ್ದಾಗ, ಡಿಸೆಂಬರ್‌ನಲ್ಲಿ ಹನುಮಮಾಲೆ ಮೆರವಣಿಗೆಗೆ ಪೊಲೀಸ್ ಬಂದೋಬಸ್ತ್ ಹಾಕಿದಾಗ. ಉಳಿದ ದಿನಗಳಲ್ಲಿ ಅದು ಮೈಸೂರಿಗೆ ಹೋಗುವ ದಾರಿಯಲ್ಲಿ ಬರುವ ಒಂದು ಊರು. ಈಗ ಎಕ್ಸ್‌ಪ್ರೆಸ್‌ವೇ ಬೈಪಾಸ್ ಆದ ಮೇಲೆ ದಾರಿಯಲ್ಲೂ ಸಿಗಲ್ಲ.

ಆದರೆ ಕರ್ನಾಟಕದ ರಾಜಕೀಯ ಅರ್ಥ ಮಾಡ್ಕೋಬೇಕು ಅನ್ನುವವರಿಗೆ ನಾನು ಈ ಊರಲ್ಲಿ ಒಂದು ದಿನ ನಡೆಯಿರಿ ಅಂತಲೇ ಹೇಳ್ತೀನಿ. ಸುಮಾರು ಐದು ಕಿಲೋಮೀಟರ್ ಉದ್ದದ ದ್ವೀಪ. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಸಂಗಮ. ನಡುವೆ ದೇವಸ್ಥಾನ, ಮಸೀದಿ, ಚರ್ಚ್, ಅರಮನೆ, ಬಂಗಲೆ, ಸಮಾಧಿ, ಸ್ಮಶಾನ, ಜೊತೆಗೆ ಜನ ವಾಸ ಇರುವ ಸಾವಿರಾರು ಮನೆಗಳು. ಬೆಳಗ್ಗೆ ರೈಲಿಳಿದು ಹೊರಟರೆ ಸಂಜೆಯೊಳಗೆ ಒಂದು ಸುತ್ತು ಮುಗಿಯುತ್ತೆ.

ನೋಡುವಾಗ ಪ್ರತಿ ಕಟ್ಟಡದ ಮುಂದೆಯೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದನ್ನ ಕಟ್ಟಿದ್ದು ಯಾರು? ಇದಕ್ಕೆ ಈ ಹೆಸರು ಇಟ್ಟಿದ್ದು ಯಾರು? ರಿಪೇರಿ ಮಾಡಿಸಿದ್ದು ಯಾರು? ಈಗ ಇದು ಯಾರ ಕೈಯಲ್ಲಿದೆ? ಹೆಚ್ಚಿನ ಕಡೆ ನಾಲ್ಕಕ್ಕೂ ನಾಲ್ಕು ಬೇರೆ ಉತ್ತರ ಸಿಗುತ್ತೆ. ಹಳೆಯ ಕಟ್ಟಡ ತಾನಾಗಿ ಉಳಿಯಲ್ಲ, ಯಾರೋ ಯಾವುದೋ ಕಾರಣಕ್ಕೆ ಉಳಿಸಿರುತ್ತಾರೆ. ಆ ಕಾರಣ ಏನು ಅನ್ನೋದರಲ್ಲೇ ರಾಜಕೀಯ ಇದೆ.

ರಾಜಧಾನಿ ಸಣ್ಣ ಊರಾದ ಬಗೆ

1799ರ ಮೇ 4ರಂದು ಈಸ್ಟ್ ಇಂಡಿಯಾ ಕಂಪನಿಯ ಸೇನೆ ಕೋಟೆಯೊಳಗೆ ನುಗ್ಗಿತು. ಟಿಪ್ಪು ಹೋರಾಡುತ್ತಲೇ ಸತ್ತ. ಆಮೇಲೆ ಐದು ವರ್ಷದ ಹುಡುಗ ಮೂರನೇ ಕೃಷ್ಣರಾಜ ಒಡೆಯರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿ, ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದರು. ಆ ಹುಡುಗ ಹುಟ್ಟಿದ್ದೂ ಇದೇ ಶ್ರೀರಂಗಪಟ್ಟಣದಲ್ಲಿ. ರಾಜ್ಯವನ್ನು ಒಡೆಯರಿಗೆ ಕೊಟ್ಟರೂ ದ್ವೀಪವನ್ನು ಮಾತ್ರ ಕಂಪನಿ ತಾನೇ ಇಟ್ಟುಕೊಂಡಿತು.

ಟಿಪ್ಪು ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಅಂತ 1800ರಲ್ಲಿ ಇಲ್ಲಿಗೆ ಬಂದಿದ್ದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದ. ಅವನು ಬಂದಾಗ ಉಳಿದಿದ್ದವರು 32 ಸಾವಿರದಷ್ಟು. ಕಂಪನಿಯ ಸೈನಿಕರನ್ನು ಜ್ವರ ಬಿಡಲಿಲ್ಲ. ಅದಕ್ಕೇ 1809ರ ಹೊತ್ತಿಗೆ ಸೇನೆಗಾಗಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಒಂದು ಅದಲು ಬದಲು ನಡೆಯಿತು: ಶ್ರೀರಂಗಪಟ್ಟಣ ದ್ವೀಪ ಮೈಸೂರಿಗೆ, ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಗೆ. ಇವತ್ತು ಎಂ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುವವರ ಊರಿಗೂ ಈ ಸಣ್ಣ ಪಟ್ಟಣದ ಜ್ವರಕ್ಕೂ ಹೀಗೊಂದು ನಂಟಿದೆ.

ಆಳುವವರು ಬಿಟ್ಟು ಹೋದ ಊರಲ್ಲಿ ಕಟ್ಟಡಗಳು ಎರಡು ಬಗೆಯಾಗುತ್ತವೆ. ಕೆಲವನ್ನು ಒಡೆದು ಕಲ್ಲು, ಮರ ಸಾಗಿಸುತ್ತಾರೆ. ಕೆಲವನ್ನು ನೆನಪಿಗೆ ಅಂತ ಇಟ್ಟುಕೊಳ್ಳುತ್ತಾರೆ.

ದೇವಸ್ಥಾನ ನಿಂತಿದೆ, ಅರಮನೆ ಇಲ್ಲ

ಕೋಟೆಯೊಳಗೆ ಹೋದರೆ ಮೊದಲು ಕಾಣೋದು ರಂಗನಾಥಸ್ವಾಮಿ ದೇವಸ್ಥಾನ. ಮೂಲ ಗಂಗರ ಕಾಲದ್ದು, ಒಂಬತ್ತನೇ ಶತಮಾನದ ಕೊನೆಯದು. ಆಮೇಲೆ ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಸೇರಿಸುತ್ತಾ ಹೋದರು. ಅದರ ಹತ್ತಿರವೇ ಒಂದು ಖಾಲಿ ಜಾಗ, ಅಡಿಪಾಯದ ಸಾಲು. ಟಿಪ್ಪುವಿನ ಲಾಲ್ ಮಹಲ್ ಅರಮನೆ ಇದ್ದದ್ದು ಅಲ್ಲಿ. ಸುಲ್ತಾನನ ಅರಮನೆಗೂ ರಂಗನಾಥನ ಗುಡಿಗೂ ಇದ್ದ ಅಂತರ ಕೂಗಳತೆಯದು.

ಟಿಪ್ಪು ಈ ದೇವಸ್ಥಾನಕ್ಕೆ ಬೆಳ್ಳಿ ಪಾತ್ರೆಗಳನ್ನು ಕೊಟ್ಟಿದ್ದಕ್ಕೆ ಪಾತ್ರೆಗಳ ಮೇಲಿನ ಬರಹವೇ ಸಾಕ್ಷಿ. 1791ರಲ್ಲಿ ಮರಾಠ ದಂಡು ಶೃಂಗೇರಿ ಮಠ ಲೂಟಿ ಮಾಡಿದಾಗ ಅಲ್ಲಿನ ಸ್ವಾಮಿಗಳಿಗೆ ಅವನು ಬರೆದ ಪತ್ರಗಳೂ ಇವೆ. ಇದನ್ನ ಹೇಳಿದ ಕೂಡಲೇ ಕೆಲವರಿಗೆ ಸಿಟ್ಟು ಬರುತ್ತೆ. ಚರ್ಚ್ ಹತ್ತಿರ ಹೋದಾಗ ಇನ್ನೊಂದು ವಿಷಯ ಹೇಳ್ತೀನಿ, ಆಗ ಉಳಿದ ಕೆಲವರಿಗೆ ಸಿಟ್ಟು ಬರಬಹುದು. ಎರಡೂ ದಾಖಲೆಯಲ್ಲಿ ಇರೋದೇ.

ಅರಮನೆ ಹೋಯಿತು, ಒಳಗಿದ್ದದ್ದು ಹಂಚಿಹೋಯಿತು. ಬ್ರಿಟಿಷ್ ಸೈನಿಕನ ಮೇಲೆ ಎರಗಿರುವ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅರಮನೆ ನೋಡಬೇಕು ಅಂದರೆ ಇಲ್ಲಿ ಅಡಿಪಾಯ ನೋಡಬೇಕು, ಉಳಿದದ್ದಕ್ಕೆ ವೀಸಾ ಮಾಡಿಸಬೇಕು.

ಸೋತವರ ಹೆಸರಿಲ್ಲದ ಕಂಬ

ಕೋಟೆಯ ಪಶ್ಚಿಮ ಅಂಚಿನಲ್ಲಿ, ಗೋಡೆ ಒಡೆದು ಸೇನೆ ಒಳಬಂದ ಜಾಗದ ಹತ್ತಿರ ಒಂದು ಎತ್ತರದ ಸ್ಮಾರಕ ಕಂಬ ಇದೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಸೇನೆಯ ಅಧಿಕಾರಿಗಳ ಹೆಸರು ಅದರ ಮೇಲಿದೆ. ನಿಲ್ಲಿಸಿದ್ದು ಬ್ರಿಟಿಷರೇ ಅಂತ ಅಂದುಕೊಳ್ಳುತ್ತೇವೆ. ಅಲ್ಲ. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರ ನಿಲ್ಲಿಸಿದ್ದು. ಖರ್ಚು ನಮ್ಮದೇ ಬೊಕ್ಕಸದ್ದು. ಆದರೆ ಕೋಟೆ ಕಾಯುತ್ತಾ ಸತ್ತ ಸಾವಿರಾರು ಮೈಸೂರು ಸೈನಿಕರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ.

ಅದರಲ್ಲಿ ಆಶ್ಚರ್ಯ ಇಲ್ಲ. ಒಡೆಯರ ವಂಶಕ್ಕೆ ರಾಜ್ಯ ವಾಪಸ್ ಸಿಕ್ಕಿದ್ದು ಆ ಯುದ್ಧದಿಂದ. ಕೃತಜ್ಞತೆ ಯಾರಿಗೆ ಸಲ್ಲಬೇಕಿತ್ತೋ ಅವರಿಗೆ ಸಂದಿದೆ. ಸ್ಮಾರಕ ಅಂದರೆ ನೆನಪು ಅಂತ ಮಾತ್ರ ತಿಳಿಯಬೇಡಿ, ಕೆಲವೊಮ್ಮೆ ಅದು ರಸೀದಿಯೂ ಹೌದು.

ಕೋಟೆಯ ಉತ್ತರದ ಕಡೆ ನದಿಯ ಪಕ್ಕ ಕರ್ನಲ್ ಬೇಯ್ಲಿ ಸೆರೆಮನೆ ಇದೆ. ಇಟ್ಟಿಗೆಯ ಕಮಾನು ಚಾವಣಿ, ಗೋಡೆಗೆ ಸಿಕ್ಕಿಸಿದ ಕಲ್ಲುಗಳು. ಕೈದಿಗಳನ್ನು ಕೈ ಚಾಚಿಸಿ ಆ ಕಲ್ಲುಗಳಿಗೆ ಕಟ್ಟುತ್ತಿದ್ದರು ಅಂತ ಗೈಡ್‌ಗಳು ಹೇಳುತ್ತಾರೆ. ಬೇಯ್ಲಿ 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕ ಕಂಪನಿ ಅಧಿಕಾರಿ. 1782ರಲ್ಲಿ ಸೆರೆಯಲ್ಲೇ ಸತ್ತ. 1895ರಲ್ಲಿ ಪತ್ತೆಯಾದ ಇನ್ನೊಂದು ಸೆರೆಮನೆಗೆ ಪತ್ತೆ ಮಾಡಿದ ಥಾಮಸ್ ಇನ್‌ಮನ್ ಹೆಸರೇ ಬಂತು. ಕಟ್ಟಿಸಿದವರು ಅವಕ್ಕೆ ಏನಂತ ಕರೀತಿದ್ದರು ಅಂತ ಬೋರ್ಡು ಹೇಳಲ್ಲ. ಗೆದ್ದವರು ಇಟ್ಟ ಹೆಸರನ್ನೇ ಸ್ವತಂತ್ರ ಭಾರತದ ಬೋರ್ಡೂ ಎತ್ತಿಕೊಂಡಿದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಟಿಪ್ಪುವಿನ ದೇಹ ಸಿಕ್ಕ ಜಾಗ. ಸಣ್ಣ ಕಟಕಟೆ, ಒಂದು ಕಲ್ಲು. ಅದರ ಒಕ್ಕಣೆಯೂ ಅಷ್ಟೇ: ದೇಹ ಇಲ್ಲಿ ಸಿಕ್ಕಿತು. ಹುಡುಕಿದವರ ಕಣ್ಣಿನಿಂದ ಬರೆದ ವಾಕ್ಯ ಅದು.

ನದಿ ದಂಡೆಯ ಮನೆಗಳು

ಊರಲ್ಲಿ ಹಳೆಯ ಕಾಲದ ಪ್ರಸಿದ್ಧ ಮನೆಗಳು ಎರಡು. ಎರಡೂ ಕಾವೇರಿಯ ದಂಡೆಯವು.

ಒಂದು ಲಾರ್ಡ್ ಹ್ಯಾರಿಸ್ ಮನೆ. 1799ರಲ್ಲಿ ಸೇನೆ ನಡೆಸಿದ ಜನರಲ್ ಹ್ಯಾರಿಸ್ ಯುದ್ಧದ ನಂತರ ಸ್ವಲ್ಪ ಕಾಲ ಇಲ್ಲಿದ್ದ. ಆದರೆ ಈ ಮನೆಯ ನಿಜವಾದ ಕಥೆ ಪೂರ್ಣಯ್ಯನವರದು. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ಕೆಲಸ ಮಾಡಿ, ಟಿಪ್ಪು ಸತ್ತ ಮೇಲೆ ಒಡೆಯರ ದಿವಾನರಾದರು. 1811ರಲ್ಲಿ ಅಧಿಕಾರ ಬಿಟ್ಟು ಇಲ್ಲಿಗೆ ಬಂದು, ಮರುವರ್ಷ ಇಲ್ಲೇ ತೀರಿಕೊಂಡರು. ಮೂರು ಆಳ್ವಿಕೆ ಕಂಡ, ರಾಜ್ಯದ ಲೆಕ್ಕಪತ್ರ ತಲೆಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ ಸತ್ತ ಮನೆಗೆ ಸ್ವಲ್ಪ ದಿನ ತಂಗಿದ್ದ ಸೇನಾಪತಿಯ ಹೆಸರು ನಿಂತಿದೆ.

ಇನ್ನೊಂದು ಸ್ಕಾಟ್ ಬಂಗಲೆ. ಕಂಪನಿಯ ತೋಪುಗಾಡಿ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಕರ್ನಲ್ ಸ್ಕಾಟ್ ಇದ್ದ ಮನೆ. ಒಂದೇ ರಾತ್ರಿಯಲ್ಲಿ ಕಾಲರಾಗೆ ಹೆಂಡತಿ ಮಕ್ಕಳನ್ನು ಕಳಕೊಂಡು, ಅವನು ಮನೆಯನ್ನು ಇದ್ದಂತೆಯೇ ಬಿಟ್ಟು ಹೊರಟುಹೋದ ಅನ್ನೋದು ಕಥೆ. ಆ ಮನೆಯ ಸಾಮಾನು ಮುಟ್ಟಬೇಡಿ ಅಂತ ಮಹಾರಾಜರು ಅಪ್ಪಣೆ ಮಾಡಿದ್ದರಂತೆ. ಇಂಗ್ಲಿಷಿನಲ್ಲಿ ಅದರ ಮೇಲೆ ಪದ್ಯವೂ ಬಂತು. ಕಥೆ ಎಷ್ಟು ನಿಜವೋ, ಅದು ಉಳಿದ ಬಗೆ ಗಮನಿಸಿ. ಅದೇ ಕಾಲರಾ, ಅದೇ ಜ್ವರ ಊರಿನ ನೂರಾರು ಮನೆಗಳ ಬಾಗಿಲು ಮುಚ್ಚಿಸಿದೆ. ಆ ಮನೆಗಳ ಮೇಲೆ ಯಾರೂ ಪದ್ಯ ಬರೆಯಲಿಲ್ಲ.

ತನ್ನವರ ಸೋಲಿನ ಚಿತ್ರ ರಿಪೇರಿ ಮಾಡಿಸಿದವನು

ಕೋಟೆಯ ಹೊರಗೆ ಪೂರ್ವಕ್ಕೆ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ತೇಗದ ಕಂಬಗಳು, ಬಿಸಿಲಿಗೆ ಇಳಿಬಿಟ್ಟ ಪರದೆಗಳು, ಗೋಡೆ ತುಂಬ ಚಿತ್ರ. ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರು ಯುದ್ಧ: ಹೈದರ್ ಮತ್ತು ಟಿಪ್ಪುವಿನ ಸೇನೆ ಕಂಪನಿಯ ಪಡೆಯನ್ನು ಸುತ್ತುವರಿದಿದೆ, ಮದ್ದಿನ ಗಾಡಿ ಸಿಡಿದಿದೆ, ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ.

1799ರ ಮುತ್ತಿಗೆಗೆ ಮೊದಲೇ ಈ ಚಿತ್ರ ಕೆಟ್ಟಿತ್ತು. ಯುದ್ಧದ ನಂತರ ಈ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿ ಮಾಡಿಸಿದ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್‌ನನ್ನು ಸೋಲಿಸಿ, 1828ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ವೆಲ್ಲೆಸ್ಲಿ ಇವನೇ. ಆಮೇಲೆ ಮತ್ತೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲ ಚಿತ್ರ ನೆನಪಿದ್ದ ಒಬ್ಬ ಭಾರತೀಯ ಕಲಾವಿದನಿಂದ ಮತ್ತೆ ಬರೆಸಿದ.

ಬ್ರಿಟಿಷರು ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ಉಳಿಸಿದ್ದು ಉದಾರತೆಯಿಂದ ಅಂತ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲ್ಲ. ಶತ್ರು ಎಷ್ಟು ದೊಡ್ಡವನು ಅಂತ ತೋರಿಸಿದಷ್ಟೂ ಗೆದ್ದವನ ಗೆಲುವು ದೊಡ್ಡದಾಗುತ್ತೆ. ಯಾವ ಕಾರಣಕ್ಕೇ ಉಳಿಸಲಿ, ಈಗ ಅದು ನಮ್ಮ ಕೈಯಲ್ಲಿರುವ ಸಾಕ್ಷಿ. ಉಳಿಸಿದವನ ಉದ್ದೇಶ ಒಂದಿರುತ್ತೆ, ನೋಡುವವರು ಓದೋದು ಇನ್ನೊಂದಿರುತ್ತೆ.

ಗಂಜಾಂ: ಎಬ್ಬಿಸಿ ತಂದ ಜನರ ಊರು

ಇನ್ನೂ ಪೂರ್ವಕ್ಕೆ ಗಂಜಾಂ. ನಿಮಿಷಾಂಬ ದೇವಸ್ಥಾನಕ್ಕೆ ಹೋದವರಿಗೆ ಗೊತ್ತಿರುವ ಊರು, ಅಂಜೂರಕ್ಕೂ ಹೆಸರಾದದ್ದು. ಟಿಪ್ಪು ಈ ಪೇಟೆ ಕಟ್ಟಿದ್ದು ಶಿರಾದಿಂದ 12 ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದು ಅಂತ ಗೆಜೆಟಿಯರ್ ಹೇಳುತ್ತೆ. ರಾಜ ಹೇಳಿದ, ಜನ ಗಂಟುಮೂಟೆ ಕಟ್ಟಿದರು. ಆ ಕುಟುಂಬಗಳ ಕಡೆಯಿಂದ ಒಂದು ಸಾಲೂ ನಮಗೆ ಉಳಿದಿಲ್ಲ.

ಇಲ್ಲೇ ಒಂದು ಸಾದಾ ಚರ್ಚ್ ಇದೆ, 1800ರದು. ಅಬ್ಬೆ ದ್ಯುಬುವಾ ಚರ್ಚ್ ಅಂತಲೇ ಹೆಸರು. ದ್ಯುಬುವಾ ಫ್ರೆಂಚ್ ಪಾದ್ರಿ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಭಾರತಕ್ಕೆ ಬಂದವನು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಇಲ್ಲಿಗೆ ತರಿಸಿದ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಬಹಳ ಜನರನ್ನು ಬಲವಂತವಾಗಿ ಮತಾಂತರಿಸಲಾಯಿತು. ಆಗಲೇ ಹೇಳಿದ ಇನ್ನೊಂದು ವಿಷಯ ಇದು. ಟಿಪ್ಪು ಸತ್ತ ಮೇಲೆ ಇಲ್ಲಿ ಉಳಿದಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವನು ದ್ಯುಬುವಾ. ರಂಗನಾಥನಿಗೆ ಬೆಳ್ಳಿ ಕೊಟ್ಟವನೂ ಈ ಸೆರೆ ಮಾಡಿಸಿದವನೂ ಒಬ್ಬನೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಎರಡೂ ಕಡೆ ಇದ್ದಾರೆ. ಊರು ಮಾತ್ರ ಎರಡಕ್ಕೂ ಕಟ್ಟಡ ಇಟ್ಟುಕೊಂಡಿದೆ.

ದ್ಯುಬುವಾನ ಕಥೆಗೂ ಇನ್ನೊಂದು ಮಗ್ಗುಲಿದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಕೊಟ್ಟ ಹಸ್ತಪ್ರತಿಯನ್ನು ಕಂಪನಿ ದುಡ್ಡು ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಬ್ರಿಟಿಷ್ ಅಧಿಕಾರಿಗಳು ನಮ್ಮ ಜಾತಿ, ಮದುವೆ, ಮಡಿಗಳನ್ನು ಆ ಪುಸ್ತಕದ ಮೂಲಕ ಓದಿದರು. 1980ರ ದಶಕದಲ್ಲಿ ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್, ಅದರ ಬಹುಪಾಲು ಕೂರ್ದೂ ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯ ಬರಹದಿಂದ ಬಂದದ್ದು ಅಂತ ತೋರಿಸಿದರು. ಈ ಚಿಕ್ಕ ಚರ್ಚಿನ ಮುಂದೆ ನಿಂತಾಗ ಅದೂ ನೆನಪಿರಲಿ. ನಮ್ಮ ಸಮಾಜ ಹೀಗಿತ್ತು ಅಂತ ನಾವು ಇವತ್ತು ನಂಬಿರುವ ಎಷ್ಟೋ ಮಾತು ಇಂಥ ಕೈಗಳನ್ನು ದಾಟಿ ಬಂದಿದೆ.

ಗಂಜಾಂ ದಾಟಿದರೆ ಗುಂಬಜ್. ಹೈದರ್, ಅವನ ಹೆಂಡತಿ ಫಖ್ರುನ್ನೀಸಾ, ಮಗ ಟಿಪ್ಪು, ಮೂವರ ಸಮಾಧಿ ಒಂದೇ ಗುಮ್ಮಟದ ಕೆಳಗೆ. ಅದರ ಹತ್ತಿರವೇ 1816ರಲ್ಲಿ ಬೇಯ್ಲಿಯ ಸಂಬಂಧಿಕ ಕಟ್ಟಿಸಿದ ಬೇಯ್ಲಿ ಸ್ಮಾರಕ. ಸೆರೆ ಹಿಡಿದವನೂ ಸೆರೆಯಾದವನೂ ಕೊನೆಗೆ ನೆರೆಹೊರೆ.

ಸ್ವಿಟ್ಜರ್ಲೆಂಡಿನಿಂದ ಬಂದು ಗೋರಿ ರಿಪೇರಿ

ಮೈಸೂರು ರಸ್ತೆಯ ಕಡೆ ನದಿಯ ಹತ್ತಿರ ಗ್ಯಾರಿಸನ್ ಸ್ಮಶಾನ ಇದೆ. 1800ರಿಂದ ಬಳಕೆಯಲ್ಲಿದ್ದ ಬ್ರಿಟಿಷ್ ಪಡೆಯ ಸ್ಮಶಾನ. ಇಲ್ಲಿ ಮಲಗಿರುವವರಲ್ಲಿ ಬಹಳಷ್ಟು ಜನ ಇಂಗ್ಲಿಷರೂ ಅಲ್ಲ, ಸ್ವಿಸ್ ದೇಶದವರು. ಡೆ ಮ್ಯೂರಾನ್ ಅನ್ನುವ ಬಾಡಿಗೆ ಪಡೆ. 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ್ದು, 1795ರಲ್ಲಿ ಬ್ರಿಟಿಷರ ಕಡೆ ಬಂತು, 1799ರಲ್ಲಿ ಇಲ್ಲಿ ಹೋರಾಡಿತು, ಆಮೇಲೆ ಕೆನಡಾಕ್ಕೂ ಹೋಯಿತು. ಸಂಬಳ ಕೊಟ್ಟವರ ಪರ ಯುದ್ಧ ಮಾಡುತ್ತಾ ಅರ್ಧ ಜಗತ್ತು ಸುತ್ತಿದ ಬಡ ರೈತರ ಮಕ್ಕಳೂ ಆ ಪಡೆಯಲ್ಲಿದ್ದರು.

ಬಹಳ ಕಾಲ ಗಿಡಗಂಟಿ ಬೆಳೆದು ಗೋರಿಗಳು ಒಡೆದಿದ್ದವು. 2000ದ ದಶಕದಲ್ಲಿ ಡೆ ಮ್ಯೂರಾನ್ ವಂಶದವರು ಸ್ವಿಟ್ಜರ್ಲೆಂಡಿನಿಂದ ಬಂದು ಮುತುವರ್ಜಿ ವಹಿಸಿ ರಿಪೇರಿ ಮಾಡಿಸಿದರು. ಒಳ್ಳೆಯ ಕೆಲಸವೇ. ಆದರೆ ನಾಲ್ಕು ಪ್ರಶ್ನೆಯಲ್ಲಿ ಮೂರನೆಯದನ್ನು ನೆನಪಿಸಿಕೊಳ್ಳಿ. ಹೆಸರು, ವಂಶ, ದುಡ್ಡು ಮೂರೂ ಇರುವವರು ಇನ್ನೂರು ವರ್ಷದ ನಂತರವೂ ಬಂದು ತಮ್ಮವರ ಗೋರಿ ಸರಿ ಮಾಡಿಸಬಹುದು. ಮೈಸೂರಿನ ಪರ ಸತ್ತ ಸೈನಿಕರ ಮೊಮ್ಮಕ್ಕಳ ಮೊಮ್ಮಕ್ಕಳು ಇದೇ ಮಂಡ್ಯ, ಮೈಸೂರು ಜಿಲ್ಲೆಯಲ್ಲಿ ಇರಬಹುದು. ಅವರಿಗೆ ತೋರಿಸೋಕೆ ಒಂದು ಕಲ್ಲೂ ಇಲ್ಲ.

ಮಸೀದಿಯ ವಿಚಾರ: ಕಾನೂನು ಏನು ಹೇಳುತ್ತೆ?

ಈಗ ಎಲ್ಲರೂ ಕೇಳುವ ವಿಷಯ. ಬೆಂಗಳೂರು ಬಾಗಿಲ ಹತ್ತಿರ ಎರಡು ಮಿನಾರುಗಳ ಮಸೀದಿ ಇದೆ, ಮಸ್ಜಿದೆ ಆಲಾ, ಜಾಮಿಯಾ ಮಸೀದಿ ಅಂತಲೂ ಕರೀತಾರೆ. 1780ರ ದಶಕದಲ್ಲಿ ಟಿಪ್ಪು ಕಟ್ಟಿಸಿದ್ದು. ಅದು ಮೂಡಲ ಬಾಗಿಲ ಆಂಜನೇಯ ದೇವಸ್ಥಾನದ ಜಾಗ ಅನ್ನೋದು ಹಿಂದುತ್ವ ಸಂಘಟನೆಗಳ ವಾದ. ಆವರಣದ ಮದರಸಾ ತೆರವು ಮಾಡಬೇಕು ಅನ್ನುವ ಅರ್ಜಿ ಹೈಕೋರ್ಟ್ ಮೆಟ್ಟಿಲೇರಿದೆ.

ವಾಟ್ಸಾಪ್ ಜಗಳದಲ್ಲಿ ಎರಡು ಮಾತು ಕೇಳಿಬರುತ್ತೆ. ಒಂದು ಕಡೆಯವರು 1991ರ ಪೂಜಾ ಸ್ಥಳಗಳ ಕಾಯ್ದೆ ಇದೆಯಲ್ಲ, ಮುಗೀತು ಅಂತಾರೆ. ಇನ್ನೊಂದು ಕಡೆಯವರು ಆ ಕಾಯ್ದೆ ಇದಕ್ಕೆ ಅನ್ವಯಿಸಲ್ಲ ಅಂತಾರೆ. ಎರಡೂ ಅರ್ಧ ಸರಿ.

1991ರ ಕಾಯ್ದೆ ಪ್ರಕಾರ 1947ರ ಆಗಸ್ಟ್ 15ರಂದು ಒಂದು ಪೂಜಾ ಸ್ಥಳದ ಧಾರ್ಮಿಕ ಸ್ವರೂಪ ಏನಿತ್ತೋ ಅದೇ ಮುಂದುವರಿಯಬೇಕು. ಆದರೆ ಅದರ 4ನೇ ಸೆಕ್ಷನ್ನಿನಲ್ಲೇ ಒಂದು ವಿನಾಯಿತಿ ಇದೆ: 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ವ್ಯಾಪ್ತಿಯ ಸ್ಮಾರಕಗಳಿಗೆ ಈ ರಕ್ಷಣೆ ಅನ್ವಯಿಸಲ್ಲ. ಈ ಮಸೀದಿ ಎಎಸ್‌ಐ, ಅಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಹಾಗಾದರೆ ಬಾಗಿಲು ತೆರೆದುಕೊಂಡಿತಾ? ಇಲ್ಲ. 1958ರ ಕಾಯ್ದೆಯ 16ನೇ ಸೆಕ್ಷನ್, ಪೂಜಾ ಸ್ಥಳವಾಗಿರುವ ಸಂರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಉದ್ದೇಶಕ್ಕೆ ಬಳಸಬಾರದು ಅನ್ನುತ್ತೆ. ನನ್ನ ಓದಿನ ಪ್ರಕಾರ, ಒಂದು ಬೇಲಿ ತೆಗೆದ ಕಡೆ ಇನ್ನೊಂದು ಬೇಲಿ ಇದೆ. ಇದರ ಜೊತೆಗೆ 2024ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಪೂಜಾ ಸ್ಥಳಗಳ ಬಗ್ಗೆ ಹೊಸ ದಾವೆ ನೋಂದಾಯಿಸಬೇಡಿ, ಬಾಕಿ ಇರುವ ದಾವೆಗಳಲ್ಲಿ ಸರ್ವೆ ಸೇರಿದಂತೆ ಪರಿಣಾಮಕಾರಿ ಆದೇಶ ಕೊಡಬೇಡಿ ಅಂತ ಕೆಳಗಿನ ಕೋರ್ಟುಗಳಿಗೆ ಮಧ್ಯಂತರ ಆದೇಶ ಕೊಟ್ಟಿತು.

ಇಲ್ಲಿ ಮರೆಯಬಾರದ ಒಂದು ವಿಷಯ: ರಂಗನಾಥಸ್ವಾಮಿ ದೇವಸ್ಥಾನವೂ ಎಎಸ್‌ಐ ಸಂರಕ್ಷಿತವೇ. ಅಲ್ಲಿ ದಿನಾ ಪೂಜೆ ನಡೆಯುತ್ತೆ, ಇಲ್ಲಿ ನಮಾಜ್ ನಡೆಯುತ್ತೆ. ಎರಡನ್ನೂ ಕಾಯುತ್ತಿರೋದು ಒಂದೇ ಕಾಯ್ದೆ. ಒಂದು ಕಡೆ ಅದನ್ನು ಸಡಿಲಿಸಿ ಅಂತ ಕೇಳುವವರು ಇನ್ನೊಂದು ಕಡೆ ಅದೇ ಸಡಿಲವಾದರೆ ಏನಾಗುತ್ತೆ ಅಂತ ಯೋಚನೆ ಮಾಡಬೇಕು.

ಬೋರ್ಡಿಲ್ಲದ ಮನೆಗಳು

ಇಷ್ಟೂ ಹೊತ್ತು ಹೇಳಿದ್ದು ಬೋರ್ಡಿರುವ ಕಟ್ಟಡಗಳ ಕಥೆ. ಕೋಟೆಯೊಳಗಿನ ಬೀದಿಗಳಲ್ಲಿ ನಡೆದರೆ ಬೋರ್ಡಿಲ್ಲದವು ಸಿಗುತ್ತವೆ: ನಾಡಹೆಂಚಿನ ಸೂರು, ಮುಂದೆ ಜಗಲಿ, ಮರದ ಕಂಬ, ಒಳಗೆ ತೊಟ್ಟಿ. ಪಕ್ಕದಲ್ಲೇ ಮೊನ್ನೆ ಮೊನ್ನೆ ಕಟ್ಟಿದ ಸಿಮೆಂಟ್ ಮನೆ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಒಬ್ಬ ಹಿರಿಯಮ್ಮನನ್ನು ಮಾತಾಡಿಸಿದೆ.

"ಈ ಸೂರು ನಮ್ಮ ಮಾವನ ಕಾಲದ್ದು ಕಣಪ್ಪ. ಮಳೆ ಬಂದ್ರೆ ಅಲ್ಲೊಂದು ಪಾತ್ರೆ ಇಲ್ಲೊಂದು ಪಾತ್ರೆ ಇಡ್ಬೇಕು. ತೆಗ್ಸಿ ಮೋಲ್ಡ್ ಹಾಕ್ಸಣ ಅಂದ್ರೆ, ಕೋಟೆ ಪಕ್ಕದಲ್ಲೈತೆ, ಆಗಕಿಲ್ಲ ಅಂತಾರೆ."

"ರಿಪೇರಿಗೆ ಅರ್ಜಿ ಹಾಕಬಹುದಂತಲ್ಲಮ್ಮ?"

"ಅರ್ಜಿ ಹಾಕದು ಗೊತ್ತಿರೋರು ಹಾಕ್ತಾರೆ. ನಮಗೇನ್ ಗೊತ್ತು?"

ಇದರ ಹಿಂದಿನ ನಿಯಮ ಹೀಗಿದೆ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಪ್ರಕಾರ, ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ ಎಲ್ಲ ದಿಕ್ಕಿನಲ್ಲೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟೋಕೆ ಅನುಮತಿ ಬೇಕು. ನಿಷೇಧಿತ ಪ್ರದೇಶದಲ್ಲೂ 1992ರ ಜೂನ್ 16ಕ್ಕಿಂತ ಹಿಂದಿನ ಮನೆಯನ್ನು ರಿಪೇರಿ ಮಾಡಿಸಬಹುದು. ಅದಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ ವಾಪಸ್ ಬರಬೇಕು.

ಶ್ರೀರಂಗಪಟ್ಟಣದಂಥ ಊರಲ್ಲಿ ಒಂದಲ್ಲ, ಹತ್ತಿರಹತ್ತಿರ ಹಲವು ಸ್ಮಾರಕಗಳು. ಪ್ರತಿಯೊಂದರ ಸುತ್ತಲೂ ನೂರು ಮೀಟರ್ ಗೆರೆ ಎಳೆದರೆ ಕೋಟೆಯೊಳಗೆ ಎಷ್ಟು ಜಾಗ ಉಳಿಯುತ್ತೆ ಅಂತ ನಕ್ಷೆ ತೆಗೆದು ನೋಡಿ. ನಿಯಮ ಬೇಡ ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ದರೆ ದರಿಯಾ ದೌಲತ್ ಗೋಡೆಗೆ ಒತ್ತಿಕೊಂಡು ಲಾಡ್ಜ್ ಎದ್ದಿರುತ್ತಿತ್ತು. ಆದರೆ ಈ ನಿಯಮದಲ್ಲಿ ಒಂದು ವಿಚಿತ್ರ ಇದೆ. ಆ ಹಿರಿಯಮ್ಮನ ನೂರು ವರ್ಷದ ಮನೆಯನ್ನು ಅದು ಪರಂಪರೆ ಅಂತ ಗುರುತಿಸಲ್ಲ, ರಿಪೇರಿಗೆ ಒಂದು ರೂಪಾಯಿ ಕೊಡಲ್ಲ. ಅದರ ಕಣ್ಣಿಗೆ ಆ ಮನೆ ಸ್ಮಾರಕಕ್ಕೆ ಅಡ್ಡ ಬರಬಹುದಾದ ಒಂದು ವಸ್ತು ಅಷ್ಟೇ. ಸ್ಮಾರಕದ ಹೆಮ್ಮೆ ಇಡೀ ದೇಶಕ್ಕೆ, ಸೋರುವ ಸೂರು ಮಾತ್ರ ಅವರ ಮನೆಗೆ.

ಕಾಯ್ದೆಯಲ್ಲೇ ಇದಕ್ಕೊಂದು ದಾರಿ ಇದೆ. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಬೈಲಾ ಮಾಡಬೇಕು, ಅದರಲ್ಲಿ ಸುತ್ತಲಿನ ಕಟ್ಟಡಗಳ ಎತ್ತರ, ಮುಂಭಾಗ ಹೇಗಿರಬೇಕು ಅಂತ ಬರೆಯಬೇಕು, ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆ ಕೇಳಬೇಕು. ಊರಿನವರು ಬಾಯಿ ತೆರೆಯಬೇಕಾದ ಜಾಗ ಅದು. ಹೆಂಚಿನ ಸೂರನ್ನು ಹೆಂಚಿನಲ್ಲೇ ಸರಿ ಮಾಡಿಕೊಳ್ಳುವವರಿಗೆ ಪುರಸಭೆ ಮಟ್ಟದಲ್ಲೇ ಬೇಗ ಅನುಮತಿ, ಸ್ವಲ್ಪ ಸಹಾಯಧನ ಸಿಗುವ ಹಾಗೆ ಮಾಡಿ ಅಂತ ಅಲ್ಲಿ ಕೇಳಬಹುದು. ಆ ಕರಡು ಬಂದಾಗ ಓದುವವರು ಎಷ್ಟು ಜನ ಅನ್ನೋದೇ ಪ್ರಶ್ನೆ.

ಮನಸ್ಸು ಮಾಡಿದರೆ

ಸರ್ಕಾರಕ್ಕೆ ಆಗಲ್ಲ ಅನ್ನುವವರಿಗೆ ರೈಲು ನಿಲ್ದಾಣದ ಹತ್ತಿರದ ಒಂದು ಕಟ್ಟಡ ತೋರಿಸಬೇಕು. ಟಿಪ್ಪು ಕಾಲದ ಮದ್ದಿನ ಮನೆ. ಬೆಂಗಳೂರು-ಮೈಸೂರು ಜೋಡಿ ಹಳಿಗೆ ಅದು ಅಡ್ಡ ಬಂತು, ವರ್ಷಗಟ್ಟಲೆ ಆ ತುಣುಕಿನಲ್ಲಿ ಕೆಲಸ ನಿಂತಿತ್ತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಜಾಕಿಗಳ ಮೇಲೆ ಎತ್ತಿ, ಸುಮಾರು 130 ಮೀಟರ್ ಆಚೆ ಸರಿಸಿದರು. ಹಳಿಯೂ ಬಂತು, ಕಟ್ಟಡವೂ ಉಳಿಯಿತು. ರೈಲ್ವೆಗೆ ಅಗತ್ಯ ಬಿದ್ದಾಗ ಸಾವಿರಾರು ಕ್ವಿಂಟಲ್ ಇಟ್ಟಿಗೆ ಗಾರೆಯೇ ನಡೆದಾಡಿತು. ಒಂದು ಸೂರಿನ ಅರ್ಜಿ ಯಾಕೆ ನಡೆಯಲ್ಲ?

ಉತ್ತರದ ಕವಲಿಗೆ 1804ರಲ್ಲಿ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಅದಕ್ಕೂ ವೆಲ್ಲೆಸ್ಲಿ ಸೇತುವೆ ಅಂತಲೇ ಹೆಸರು, ಆಗಿನ ಗವರ್ನರ್ ಜನರಲ್ ನೆನಪಿಗೆ. ಪ್ರವಾಹ ಬಂದಾಗೆಲ್ಲ ಅದರ ಕಲ್ಲುಗಳು ಹೋಗುತ್ತಿವೆ. 2014ರಿಂದ ಶ್ರೀರಂಗಪಟ್ಟಣದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ತಾತ್ಕಾಲಿಕ ಪಟ್ಟಿ ಅಂದರೆ ಅರ್ಜಿ ಹಾಕುವ ಮನಸ್ಸಿದೆ ಅಂತ ದೇಶ ಹೇಳಿಕೊಂಡಿದೆ ಅಂತಷ್ಟೇ ಅರ್ಥ, ವಿಶ್ವ ಪರಂಪರೆ ಪಟ್ಟ ಬಂದಂತಲ್ಲ.

ಟಿಪ್ಪು ಜಯಂತಿಯನ್ನು 2015ರಲ್ಲಿ ಒಂದು ಸರ್ಕಾರ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ಎರಡೂ ಸಲ ಪಕ್ಷಗಳಿಗೆ ಬೇಕಾದದ್ದು ಟಿಪ್ಪುವಿನ ಹೆಸರು. ಅವನ ಊರಲ್ಲಿ ಈಗ ಬದುಕುತ್ತಿರುವವರು ಯಾರ ಭಾಷಣದಲ್ಲೂ ಬರಲಿಲ್ಲ. ಮುಂದಿನ ಸಲ ಯಾರಾದರೂ ನಿಮ್ಮ ಹತ್ತಿರ ಬಂದು ಶ್ರೀರಂಗಪಟ್ಟಣ ಉಳಿಸಬೇಕು ಅಂದರೆ ಸುಮ್ಮನೆ ತಲೆಯಾಡಿಸಬೇಡಿ. ಯಾವುದನ್ನ, ಯಾರಿಗೋಸ್ಕರ, ಯಾರ ದುಡ್ಡಲ್ಲಿ ಅಂತ ಕೇಳಿ. ಕೋಟೆ ಬೀದಿಯ ಸೂರುಗಳ ಬಗ್ಗೆ ಏನು ಮಾಡ್ತೀರಿ ಅಂತಲೂ ಕೇಳಿ.